ಪದವಿನ ಡ್ಯಾಮ್‌ಸೆಲ್‌ಫ್ಲೈ ಬಗ್ಗೆ ಮ್ಯೂಸಿಯಂ ಜರ್ನಲ್‌ಗೆ ಪೇಪರ್ ಕಳಿಸಬೇಕು, ಎಲ್ಲಿಂದ ಶುರು ಮಾಡುವುದು?

ಪೆರ್ಲದವ:

ಎಲ್ಲರಿಗೂ ನಮಸ್ಕಾರ. ಜೂವಾಲಜಿ ಎಂಎಸ್ಸಿ ಆಗಿದೆ, ಈಗ ಗೆಸ್ಟ್ ಲೆಕ್ಚರರ್. ಕಾಸರಗೋಡಿನ ಪೆರ್ಲದಲ್ಲಿ ನಮ್ಮ ಮನೆಯ ಮೇಲ್ಭಾಗದಲ್ಲಿ ದೊಡ್ಡ ಪದವು ಉಂಟು. ಮುರಕಲ್ಲಿನ ಬಯಲು, ಮಳೆಗಾಲದಲ್ಲಿ ಕಲ್ಲಿನ ಗುಂಡಿಗಳಲ್ಲೆಲ್ಲ ನೀರು ನಿಂತು ಹುಲ್ಲು ಬೆಳೆಯುತ್ತದಲ್ಲ, ಅಂಥದ್ದು. ಅಲ್ಲಿ ಬರುವ ಏರೋಪ್ಲೇನ್ ಚಿಟ್ಟೆಗಳ ಫೋಟೋ ತೆಗೆದು ಪಟ್ಟಿ ಮಾಡುತ್ತಾ ಬಂದಿದ್ದೇನೆ. ಹೆಚ್ಚಿನವು ಪುಸ್ತಕ ನೋಡಿ ಗುರುತು ಹಿಡಿಯುವಂಥವೇ. ಒಂದು ಮಾತ್ರ, ಹುಲ್ಲಿನ ಬುಡದಲ್ಲೇ ಹಾರುವ ತೀರಾ ಸಣ್ಣ ಡ್ಯಾಮ್‌ಸೆಲ್‌ಫ್ಲೈ (ಏರೋಪ್ಲೇನ್ ಚಿಟ್ಟೆಯದ್ದೇ ಸಪೂರ ಬಂಧು), ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಮೈ ಕೆಂಪು, ಬೆನ್ನಿನ ಮೇಲೆ ಕಪ್ಪು ಪಟ್ಟಿ.

ನನ್ನ ಗೆಳೆಯ ಇದು ಹೊಸ ಪ್ರಭೇದವೇ ಅಂತ ಕೂತಿದ್ದಾನೆ, ಹೆಸರು ಕೂಡ ರೆಡಿ ಮಾಡಿದ್ದಾನೆ. ನ್ಯೂಸ್ ಪೇಪರಿನವರೊಬ್ಬರು ಸುದ್ದಿ ಮಾಡುವಾ ಅಂತ ಫೋನ್ ಮಾಡುತ್ತಿದ್ದಾರೆ. ನನಗೆ ಒಳ್ಳೆಯ ಮ್ಯೂಸಿಯಂ ಜರ್ನಲ್‌ಗೇ ಕಳಿಸಬೇಕು ಅಂತ ಆಸೆ. ಫೋಟೋ ಸಾಕಾ, ಹುಳ ಹಿಡಿಯಲೇಬೇಕಾ? ಹಿಡಿದರೆ ಕಾಲೇಜಿನ ಫಾರ್ಮಲಿನ್‌ನಲ್ಲಿ ಹಾಕಿಡಬಹುದಾ? ಪಟ್ಟಿ ಮತ್ತು ಈ ಸಣ್ಣದು ಎರಡನ್ನೂ ಒಂದೇ ಪೇಪರಿನಲ್ಲಿ ಹಾಕಬಹುದಾ? ನಮ್ಮ ಕಡೆ ಕೇಳಲು ಯಾರೂ ಇಲ್ಲ, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಹಳೇ ಲೇಬಲ್:

ಮೊದಲು ಫಾರ್ಮಲಿನ್ ಬಾಟ್ಲಿ ಕೆಳಗಿಡಿ ಮಾರಾಯ್ರೇ. ಅದು ಮೀನು, ಕಪ್ಪೆಗಳಿಗೆ. ಏರೋಪ್ಲೇನ್ ಚಿಟ್ಟೆಯನ್ನು ಅದರಲ್ಲಿ ಹಾಕಿದರೆ ಬಣ್ಣ ಹೋಗುತ್ತದೆ, ಮುಂದೆ ಡಿಎನ್‌ಎ ತೆಗೆಯುವುದೂ ಕಷ್ಟ. ಇವುಗಳಿಗೆ ಅಸಿಟೋನ್. ಕಾಲು ನೇರ ಮಾಡಿ, ರೆಕ್ಕೆ ಮೇಲಕ್ಕೆ ಜೋಡಿಸಿ, ಕಾಗದದ ಲಕೋಟೆಯಲ್ಲಿಟ್ಟು ಸುಮಾರು ಒಂದು ದಿನ ಅಸಿಟೋನ್‌ನಲ್ಲಿ ಮುಳುಗಿಸಿ, ಆಮೇಲೆ ಗಾಳಿಯಲ್ಲಿ ಒಣಗಿಸಿ. ಅದಕ್ಕೂ ಮೊದಲು ಡಿಎನ್‌ಎಗಾಗಿ ಒಂದು ಕಾಲು ಕಿತ್ತು ಅಬ್ಸಲ್ಯೂಟ್ ಆಲ್ಕೋಹಾಲ್ ಇರುವ ಸಣ್ಣ ಟ್ಯೂಬಿನಲ್ಲಿ ಹಾಕಿಡಿ. ಟ್ಯೂಬಿಗೂ ಲಕೋಟೆಗೂ ಒಂದೇ ನಂಬರ್ ಇರಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮ್ಯೂಸಿಯಂ ಜರ್ನಲ್ ಬೇರೆ ಜರ್ನಲ್‌ಗಳ ಹಾಗಲ್ಲ. ಅದು ಹುಟ್ಟಿದ್ದೇ ಕಪಾಟಿನಲ್ಲಿರುವ ಸ್ಪೆಸಿಮೆನ್‌ಗಳ (ಹಿಡಿದು ಕೆಡದಂತೆ ಇಟ್ಟ ಜೀವಿಗಳ) ಬಗ್ಗೆ ಬರೆಯಲು. ಕಲ್ಕತ್ತದ ಇಂಡಿಯನ್ ಮ್ಯೂಸಿಯಂ 1907ರಲ್ಲಿ ಶುರು ಮಾಡಿದ ರೆಕಾರ್ಡ್ಸ್ ಇವತ್ತು ಜೂವಾಲಜಿಕಲ್ ಸರ್ವೇಯ ರೆಕಾರ್ಡ್ಸ್ ಆಗಿ ನಡೆಯುತ್ತಿದೆ. ಅದರ ಹಳೆಯ ಸಂಚಿಕೆ ತೆಗೆದು ನೋಡಿ, ಪ್ರತಿ ಜೀವಿಯ ಕೆಳಗೂ ಎಷ್ಟು ಸ್ಪೆಸಿಮೆನ್, ಎಲ್ಲಿ ಸಿಕ್ಕಿತು, ಯಾರು ಹಿಡಿದರು, ರಿಜಿಸ್ಟರ್ ನಂಬರ್ ಎಷ್ಟು ಅಂತ ಇರುತ್ತದೆ. ಇವತ್ತಿಗೂ ರಿವ್ಯೂವರ್ (ಪೇಪರ್ ಪರಿಶೀಲಿಸುವ ತಜ್ಞ) ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ. ಆ ಪ್ಯಾರಾ ಖಾಲಿ ಇದ್ದರೆ ಉಳಿದದ್ದು ಎಷ್ಟು ಚಂದ ಇದ್ದರೂ ವಾಪಸ್.

ಹೊಸ ಪ್ರಭೇದ ಅಂತ ಹೇಳುವುದಾದರೆ ಇನ್ನೂ ಕಟ್ಟುನಿಟ್ಟು. ಪ್ರಾಣಿಗಳ ಹೆಸರಿನ ಅಂತಾರಾಷ್ಟ್ರೀಯ ಸಂಹಿತೆಯ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇದು ಹೊಸ ಹೆಸರು ಅಂತ ಸ್ಪಷ್ಟವಾಗಿ ಬರೆಯಬೇಕು, ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಒಂದು ಸ್ಪೆಸಿಮೆನ್, ಯಾವುದು ಅಂತ ಹೇಳಬೇಕು, ಅದು ಯಾವ ಊರಿನ ಯಾವ ಸಂಗ್ರಹದಲ್ಲಿ ಇರುತ್ತದೆ ಅಂತಲೂ ಹೇಳಬೇಕು. ನಮ್ಮ ದೇಶದ ಕಾನೂನು ಬೇರೆ ಉಂಟು. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಜೀವಿ ಸಿಕ್ಕಿದರೆ ಸರಕಾರ ಗೊತ್ತು ಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ ವೌಚರ್ (ಪುರಾವೆಗೆ ಇಡುವ) ಸ್ಪೆಸಿಮೆನ್ ಕೊಡಬೇಕು. ಕಾಸರಗೋಡಿನವರಿಗೆ ಹತ್ತಿರ ಅಂದರೆ ಕೋಝಿಕ್ಕೋಡಿನಲ್ಲಿರುವ ಜೂವಾಲಜಿಕಲ್ ಸರ್ವೇ ಕೇಂದ್ರ. ಪೇಪರ್ ಬರೆಯುವ ಮೊದಲೇ ಅಲ್ಲಿಗೊಂದು ಪತ್ರ ಬರೆಯಿರಿ, ಕೊನೆಗೆ ನಂಬರಿಗಾಗಿ ಪರದಾಡುವುದು ಬೇಡ.

ಮತ್ತೆ, ಪದವು ರೆವಿನ್ಯೂ ಜಾಗವಾ, ಫಾರೆಸ್ಟಾ, ಯಾರದ್ದಾದರೂ ಪಟ್ಟಾ ಜಾಗವಾ ಅಂತ ಮೊದಲೇ ನೋಡಿಕೊಳ್ಳಿ. ಫಾರೆಸ್ಟ್ ಆದರೆ ಇಲಾಖೆಯ ಅನುಮತಿ ಇಲ್ಲದೆ ಬಲೆ ಬೀಸಬೇಡಿ. ಅನುಮತಿಯ ನಂಬರನ್ನು ಜರ್ನಲ್‌ನವರೂ ಕೇಳುತ್ತಾರೆ.

ಪೆರ್ಲದವ:

ತುಂಬಾ ಥ್ಯಾಂಕ್ಸ್ ಸರ್. ಆದರೆ ಒಂದು ಸಂಶಯ. ಈಗ ಒಳ್ಳೆಯ ಮ್ಯಾಕ್ರೋ ಲೆನ್ಸ್ ಉಂಟು, ಫೋಟೋದಲ್ಲೇ ಕಣ್ಣಿನ ಪಟ್ಟಿ ಕೂಡ ಕಾಣುತ್ತದೆ. ಅಷ್ಟು ಸಣ್ಣ ಜೀವವನ್ನು ಕೊಲ್ಲಬೇಕಾ ಅಂತ ಮನಸ್ಸಿಗೆ ಒಂಥರಾ ಆಗುತ್ತದೆ.

ಬಾಲದ ತುದಿ:

ಮನಸ್ಸಿಗೆ ಆಗುವುದು ಸರಿಯೇ ತಮ್ಮಾ, ನನಗೂ ಆಗುತ್ತದೆ. ಪ್ರಭೇದಗಳ ಪಟ್ಟಿಗೆ ಫೋಟೋ ಸಾಕು, ಅದರಲ್ಲಿ ತಕರಾರಿಲ್ಲ. ಆದರೆ ಈ ಸಣ್ಣದು ಏನು ಅಂತ ಫೋಟೋದಿಂದ ಹೇಳಲು ಬರುವುದಿಲ್ಲ. ಡ್ಯಾಮ್‌ಸೆಲ್‌ಫ್ಲೈಗಳಲ್ಲಿ ಗಂಡಿನ ಬಾಲದ ತುದಿಯ ಕೊಕ್ಕೆಗಳನ್ನು ಮೇಲಿನಿಂದ ಮತ್ತು ಬದಿಯಿಂದ ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಎರಡನೇ ಭಾಗದ ಅಡಿಯಲ್ಲಿರುವ ಜನನಾಂಗ ನೋಡಬೇಕು, ಹೆಣ್ಣಾದರೆ ಕುತ್ತಿಗೆ ಹಿಂದಿನ ತಟ್ಟೆಯ ಆಕಾರ ನೋಡಬೇಕು. ಬಣ್ಣ ನಂಬಿದರೆ ಕೆಟ್ಟಿರಿ.

ನೀವು ಹೇಳಿದ ಕೆಂಪು ಮೈ ಓದಿದ ಕೂಡಲೇ ನನಗೆ ಅನುಮಾನ ಬಂತು. ಅಗ್ರಿಯೋಕ್ನೆಮಿಸ್ ಅಂತ ಒಂದು ಕುಲ ಉಂಟು, ಹುಲ್ಲಿನ ಬುಡದಲ್ಲೇ ಇರುವ ಪುಟಾಣಿಗಳು. ಅದರಲ್ಲಿ ಪಿಗ್ಮಿಯ ಅನ್ನುವ ತೀರಾ ಸಾಮಾನ್ಯ ಪ್ರಭೇದದ ಹೆಣ್ಣು ಎಳತಿರುವಾಗ ಕೆಂಪಾಗಿರುತ್ತದೆ, ಬೆಳೆದ ಮೇಲೆ ಹಸಿರಿಗೆ ತಿರುಗುತ್ತದೆ. ಎಳೆಯ ಕೆಂಪು ಹೆಣ್ಣು ನೋಡಿ ಹೊಸದು ಸಿಕ್ಕಿತು ಅಂತ ಕುಣಿಯುವವರು ಪ್ರತಿ ಮಳೆಗಾಲವೂ ಇರುತ್ತಾರೆ. ನಿಮ್ಮದು ಅದೇ ಅಂತ ನಾನು ಹೇಳುವುದಿಲ್ಲ, ಫೋಟೋ ಕೂಡ ನೋಡಿಲ್ಲ. ಆದರೆ ಗಂಡು ಸಿಗುವವರೆಗೆ ಹೊಸ ಪ್ರಭೇದ ಅನ್ನುವ ಮಾತು ಬೇಡ. ಹಾಗಾಗಿ ಪಟ್ಟಿ ಒಂದು ಪೇಪರ್, ಇದು ಬೇರೆ. ಒಂದಕ್ಕಾಗಿ ಇನ್ನೊಂದು ಕಾಯುವುದು ಬೇಡ.

ಗೆಳೆಯನಿಗೆ ಹೇಳಿ, ಆ ಹೆಸರನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಬಾರದು, ಪೇಪರಿನವರಿಗೂ ಕೊಡಬಾರದು. ವಿವರಣೆ ಇಲ್ಲದೆ ಹೊರಗೆ ಹೋದ ಹೆಸರಿಗೆ ಬೆಲೆಯೂ ಇಲ್ಲ, ಗೊಂದಲ ಬೇರೆ. ಆನ್‌ಲೈನ್ ಮಾತ್ರ ಬರುವ ಜರ್ನಲ್ ಆದರೆ ಪ್ರಕಟವಾಗುವ ಮೊದಲು ಝೂಬ್ಯಾಂಕ್‌ನಲ್ಲಿ (ಪ್ರಾಣಿಗಳ ಹೆಸರಿನ ಅಧಿಕೃತ ಆನ್‌ಲೈನ್ ರಿಜಿಸ್ಟರ್) ನೋಂದಣಿ ಆಗಿರಬೇಕು, ಅದರ ವಿವರ ಪೇಪರಿನ ಒಳಗೇ ಕಾಣಬೇಕು. 2012ರ ತಿದ್ದುಪಡಿಯಿಂದ ಈ ನಿಯಮ. ಅದನ್ನು ಲೇಖಕ ಮಾಡಬೇಕಾ, ಜರ್ನಲ್‌ನವರೇ ಮಾಡುತ್ತಾರಾ ಅಂತ ಕೇಳಿಕೊಳ್ಳಿ.

ಕುಂಬಳೆ ಮಾಷ್ಟ್ರು:

ನಾನು ಜೀವಶಾಸ್ತ್ರದವನಲ್ಲ, ಚರಿತ್ರೆ ಪಾಠ ಮಾಡಿದವ, ಆದರೂ ಒಂದು ವಿಷಯ ಹೇಳಲೇಬೇಕು. ಪಟ್ಟಿಯಲ್ಲಿ "ಕೇರಳದಿಂದ ಮೊದಲ ದಾಖಲೆ" ಅಂತ ಬರೆಯುವ ಮೊದಲು ಹಳೆಯದನ್ನು ಸರಿಯಾಗಿ ಹುಡುಕಿ. 1956ರ ನವೆಂಬರ್ 1ರ ತನಕ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಬ್ರಿಟಿಷರ ಕಾಲದಲ್ಲಿ ಹುಳ ಹಿಡಿದವರು ಲೇಬಲ್ ಮೇಲೆ "ಸೌತ್ ಕೆನರಾ, ಮದ್ರಾಸ್ ಪ್ರೆಸಿಡೆನ್ಸಿ" ಅಂತ ಬರೆದು ಬಿಟ್ಟಿರುತ್ತಾರೆ. ಆಮೇಲೆ 1984ರಲ್ಲಿ ಕಾಸರಗೋಡು ಜಿಲ್ಲೆ ಆಗುವವರೆಗೆ ಕಣ್ಣೂರು ಜಿಲ್ಲೆ. ಅಂದರೆ ಒಂದೇ ಪದವು ಮೂರು ಜಿಲ್ಲೆಗಳ ಹೆಸರಿನಲ್ಲಿ ಇರಬಹುದು. ಇವತ್ತಿನವರು ಸೌತ್ ಕೆನರಾ ಅಂದ ಕೂಡಲೇ ಕರ್ನಾಟಕ ಅಂತ ದಾಟಿಸಿ ಬಿಡುತ್ತಾರೆ. ಊರಿನ ಹೆಸರಿನ ಹಳೆ ಇಂಗ್ಲಿಷ್ ಸ್ಪೆಲ್ಲಿಂಗ್ ಎಲ್ಲ ಹಾಕಿ ಹುಡುಕಿ.

ಬಾಲದ ತುದಿ:

ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಏರೋಪ್ಲೇನ್ ಚಿಟ್ಟೆಗಳ ಮಟ್ಟಿಗೆ ಫ್ರೇಸರ್ ಬರೆದ ಫೌನಾ ಆಫ್ ಬ್ರಿಟಿಷ್ ಇಂಡಿಯಾದ ಮೂರು ಸಂಪುಟಗಳು 1933, 1934, 1936ರಲ್ಲಿ ಬಂದವು. ಅಲ್ಲಿಂದಲೇ ಶುರು ಮಾಡಿ. ಹಳೇ ಪುಸ್ತಕ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಫೀಸು ಕೊಡದವ:

ಜರ್ನಲ್ ಯಾವುದು ಅನ್ನುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ. ಹೆಸರು ನೋಡಿ ಆರಿಸಬೇಡಿ, ಅವರು ಏನು ತೆಗೆದುಕೊಳ್ಳುತ್ತಾರೆ ಅಂತ ನೋಡಿ. ಸಿಂಗಾಪುರದ ಮ್ಯೂಸಿಯಂನ ರಾಫೆಲ್ಸ್ ಬುಲೆಟಿನ್ ಒಳ್ಳೆಯದೇ, ಆದರೆ ಅದರ ಗಮನ ಮುಖ್ಯವಾಗಿ ಆಗ್ನೇಯ ಏಷ್ಯಾದ ಮೇಲೆ. ಪೆರ್ಲದ ಪದವಿನ ಪಟ್ಟಿಯನ್ನು ಅವರು ಏನು ಮಾಡಿಯಾರು? ಪಟ್ಟಿಗೆ ಜೂವಾಲಜಿಕಲ್ ಸರ್ವೇಯ ರೆಕಾರ್ಡ್ಸ್, 1886ರಿಂದ ಬರುತ್ತಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್, ಕೊಯಮತ್ತೂರಿನಿಂದ ಬರುವ ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ, ಇವನ್ನು ನೋಡಿ. ಕೊನೆಯ ಎರಡು ಮ್ಯೂಸಿಯಂನವಲ್ಲ, ಆದರೂ ನಿಮ್ಮ ಕೆಲಸಕ್ಕೆ ಸರಿ. ಹೊಸ ಪ್ರಭೇದವೇ ಆದರೆ ಝೂಟ್ಯಾಕ್ಸಾ ಕೂಡ ಆಗುತ್ತದೆ, ಓಪನ್ ಆಕ್ಸೆಸ್ (ಎಲ್ಲರೂ ಪುಕ್ಕಟೆ ಓದುವ ವ್ಯವಸ್ಥೆ) ಬೇಡ ಅಂದರೆ ದುಡ್ಡು ಕೊಡಬೇಕಿಲ್ಲ.

ಕೆಲಸಕ್ಕೆ ಇಂಟರ್‌ವ್ಯೂ ಇದೆ, ಬೇಗ ಬೇಕು ಅಂತ "ಮೂರು ದಿನದಲ್ಲಿ ಅಕ್ಸೆಪ್ಟ್" ಎನ್ನುವ ಇಮೇಲ್‌ಗಳ ಹಿಂದೆ ಹೋಗಬೇಡಿ. ಮೂರು ದಿನದಲ್ಲಿ ಯಾವ ರಿವ್ಯೂವರ್ ಬಾಲದ ತುದಿ ನೋಡುತ್ತಾನೆ? ಒಪ್ಪಬಹುದಾದ ಜರ್ನಲ್‌ಗಳನ್ನು ಹೇಳುತ್ತಿದ್ದ ಯುಜಿಸಿಯ ಕೇರ್ ಪಟ್ಟಿಯೂ 2025ರಲ್ಲಿ ನಿಂತು ಹೋಯಿತು, ಇನ್ನು ಜರ್ನಲ್ ಒಳ್ಳೆಯದಾ ಕೆಟ್ಟದಾ ಅಂತ ನೋಡುವುದು ನಮ್ಮ ತಲೆ ಮೇಲೇ.

ಮಾದರಿ ಬೇಕಾದರೆ 2023ರಲ್ಲಿ ಬಂದ ಹೊರಾಗ್ಲಾನಿಸ್ ಪೇಪರ್ ಓದಿ. ಕೇರಳದ ಮುರಕಲ್ಲಿನ ಅಡಿಯ ನೀರಿನಲ್ಲಿರುವ ಕುರುಡು ಮೀನುಗಳು, ಮನೆ ಬಾವಿಗಳಲ್ಲಿ ಬಂದವು. ಜನರೇ ತೆಗೆದಿಟ್ಟು ತಿಳಿಸಿದ್ದರಿಂದ ಹೊಸದಕ್ಕೆ ಪಾಪ್ಯುಲಿ (ಲ್ಯಾಟಿನ್‌ನಲ್ಲಿ 'ಜನರ') ಅಂತ ಹೆಸರಿಟ್ಟರು. ಬಂದದ್ದು ಜರ್ಮನಿಯ ಸೆಂಕೆನ್‌ಬರ್ಗ್ ಮ್ಯೂಸಿಯಂನ ವರ್ಟಿಬ್ರೇಟ್ ಝೂವಾಲಜಿಯಲ್ಲಿ, ಯಾರು ಬೇಕಾದರೂ ಓದಬಹುದು. ಫೋಟೋ ಕಳಿಸಿದ ಜನರಿಂದ ಹಿಡಿದು ಡಿಎನ್‌ಎ ತನಕ ಎಲ್ಲ ಹೇಗೆ ಬರೆದಿದ್ದಾರೆ ನೋಡಿ.

ಹಳೇ ಲೇಬಲ್:

ಬರೆಯುವಾಗ ನೆನಪಿಡಬೇಕಾದ್ದು ಇನ್ನೂ ಸ್ವಲ್ಪ ಉಂಟು. ಆ ಜರ್ನಲ್‌ನ ಇತ್ತೀಚಿನ ಒಂದು ಪೇಪರ್ ಪಕ್ಕದಲ್ಲಿಟ್ಟುಕೊಂಡು ಅದೇ ಕ್ರಮದಲ್ಲಿ ಬರೆಯಿರಿ, ಕಾಮಾ ಕೂಡ ಅವರ ಹಾಗೇ. ಜಾಗ ಹೇಳುವಾಗ "ಪೆರ್ಲ ಹತ್ತಿರ" ಸಾಲದು. ಊರು, ಜಿಲ್ಲೆ, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ತಾರೀಕು, ಹಿಡಿದವರ ಹೆಸರು, ಎಲ್ಲ ಬೇಕು. ಲೇಬಲ್ಲಿನಲ್ಲಿ ಒಂದು, ಪೇಪರಿನಲ್ಲಿ ಇನ್ನೊಂದು, ಮ್ಯಾಪಿನಲ್ಲಿ ಮತ್ತೊಂದು ಆಗಬಾರದು. ಚಿತ್ರಕ್ಕೆ ಅಳತೆ ತೋರಿಸುವ ಸ್ಕೇಲ್ ಬಾರ್ ಹಾಕಿ. ಹೋಲಿಕೆಯ ಭಾಗದಲ್ಲಿ ಹತ್ತಿರದ ಪ್ರಭೇದಗಳ ಸ್ಪೆಸಿಮೆನ್ ನೀವೇ ನೋಡಿದ್ದೀರಾ, ಪುಸ್ತಕದ ವಿವರಣೆ ಮಾತ್ರ ಓದಿದ್ದೀರಾ ಅಂತ ಪ್ರಾಮಾಣಿಕವಾಗಿ ಬರೆಯಿರಿ. ಹೋಲಿಸಿ ನೋಡಲು ಅಥವಾ ತೋರಿಸಲು ಸ್ಪೆಸಿಮೆನ್ ಹೊರದೇಶಕ್ಕೆ ಸುಮ್ನೆ ಪೋಸ್ಟ್ ಮಾಡಬೇಡಿ, ಅದಕ್ಕೆ ಕಾನೂನು ಉಂಟು.

ಗೆಳೆಯನ ಹೆಸರು ಲೇಖಕರ ಸಾಲಿನಲ್ಲಿ ಬರುತ್ತದಾ, ಕೃತಜ್ಞತೆಯ ಭಾಗದಲ್ಲಿ ಬರುತ್ತದಾ ಅಂತ ಈಗಲೇ ಮಾತಾಡಿಕೊಳ್ಳಿ. ಅಕ್ಸೆಪ್ಟ್ ಆದ ಮೇಲೆ ಆ ಮಾತು ಎತ್ತಿದರೆ ಗೆಳೆತನವೇ ಹೋಗುತ್ತದೆ.

ರಿವ್ಯೂ ಬಂದಾಗ ಸಿಟ್ಟು ಬರುತ್ತದೆ, ಬರಲಿ. ಎರಡು ದಿನ ಬಿಟ್ಟು ಪ್ರತಿ ಮಾತಿಗೂ ಕೆಳಗೆ ಉತ್ತರ ಬರೆದು, ಎಷ್ಟನೇ ಸಾಲಿನಲ್ಲಿ ಬದಲಿಸಿದ್ದೀರಿ ಅಂತ ಹೇಳಿ ಕಳಿಸಿ. ಒಪ್ಪಿಗೆ ಇಲ್ಲದ್ದಕ್ಕೆ ಕಾರಣ ಕೊಡಿ, ಜಗಳ ಬೇಡ.

ಪೆರ್ಲದವ:

ಎಲ್ಲರಿಗೂ ಉಪಕಾರ. ಪೇಪರಿನವರಿಗೆ ಈಗ ಬೇಡ ಅಂತ ಹೇಳಿಯಾಯಿತು, ಗೆಳೆಯ ಮುಖ ಊದಿಸಿಕೊಂಡಿದ್ದಾನೆ. ಕೋಝಿಕ್ಕೋಡಿಗೆ ಇಮೇಲ್ ಹಾಕುತ್ತೇನೆ. ಜಾಗ ರೆವಿನ್ಯೂದ್ದು, ಆದರೂ ವಿಲ್ಲೇಜ್ ಆಫೀಸಿನಲ್ಲಿ ಒಮ್ಮೆ ಕೇಳುತ್ತೇನೆ. ಅಸಿಟೋನ್ ಅಂದರೆ ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ನೈಲ್ ಪಾಲಿಶ್ ರಿಮೂವರ್ ಆಗುತ್ತದಾ?

ಬಾಲದ ತುದಿ:

ಬೇಡ ತಮ್ಮಾ. ಅದರಲ್ಲಿ ನೀರು, ಎಣ್ಣೆ, ವಾಸನೆ ಎಲ್ಲ ಸೇರಿಸಿರುತ್ತಾರೆ. ಮಂಗಳೂರಿನಲ್ಲಿ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಶುದ್ಧದ್ದು ಕೇಳಿ, ಅಥವಾ ನಿಮ್ಮ ಕಾಲೇಜಿನ ಕೆಮಿಸ್ಟ್ರಿಯವರ ಹತ್ತಿರ ಇದ್ದೇ ಇರುತ್ತದೆ. ಗಾಜಿನ ಬಾಟ್ಲಿಯಲ್ಲೇ ಇಡಿ, ಕೆಲವು ಪ್ಲಾಸ್ಟಿಕ್ ಅದರಲ್ಲಿ ಕರಗುತ್ತದೆ. ಬೇಗ ಬೆಂಕಿ ಹಿಡಿಯುವಂಥದ್ದು, ಅಡಿಗೆ ಮನೆ ಹತ್ತಿರ ಇಡಬೇಡಿ, ಬಸ್ಸಿನಲ್ಲಂತೂ ತರಲೇಬೇಡಿ. ಮತ್ತೆ ಗಂಡು ಹಿಡಿಯುವುದಾದರೆ ಗುಂಡಿಗಳು ಬತ್ತುವ ಮೊದಲು ಹೋಗಿ, ಇಲ್ಲದಿದ್ದರೆ ಮುಂದಿನ ಮಳೆಗಾಲದ ತನಕ ಕಾಯಬೇಕಾದೀತು. ಸಿಕ್ಕಿದರೆ ಬಾಲದ ತುದಿಯ ಫೋಟೋ ಇಲ್ಲೇ ಹಾಕಿ, ನೋಡುವಾ.