ನೀಲಿ ಪರದೆಯೂ ಬರುತ್ತಿದೆ, ಒಮ್ಮೆಲೇ ಆಫ್ ಕೂಡ ಆಗುತ್ತಿದೆ: ಮನೆಯಲ್ಲೇ ಜೋಡಿಸಿದ ಕಂಪ್ಯೂಟರಿನ ತೊಂದರೆ

ಪ್ರಶ್ನೆ, ದಾವಣಗೆರೆಯಿಂದ

ನಮಸ್ಕಾರ. ಮನೆಯ ಮುಂಭಾಗದ ಕೋಣೆಯಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣಗಳ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಅದಕ್ಕಾಗಿ ನಾಲ್ಕು ವರ್ಷಗಳ ಹಿಂದೆ ಬಿಡಿಭಾಗಗಳನ್ನು ತರಿಸಿ ನಾನೇ ಜೋಡಿಸಿಕೊಂಡ ಕಂಪ್ಯೂಟರ್ ಈಗ ಪದೇ ಪದೇ ಕೈಕೊಡುತ್ತಿದೆ. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ‍್ಯಾಮ್ ಸ್ಟಿಕ್‌ಗಳು, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ ಮತ್ತು 450 ವ್ಯಾಟಿನ ಎಸ್‌ಎಂಪಿಎಸ್ (ಒಳಭಾಗಗಳಿಗೆ ವಿದ್ಯುತ್ ಒದಗಿಸುವ ಡಬ್ಬಿ) ಇದರಲ್ಲಿವೆ. ಕಂಪ್ಯೂಟರಿಗೆ ಪ್ರತ್ಯೇಕ ಯುಪಿಎಸ್ ಇಲ್ಲ. ಮನೆಯ ಇನ್ವರ್ಟರ್ ಲೈನಿನಿಂದಲೇ ಓಡುತ್ತದೆ.

ಕೆಲಸ ಮಾಡುತ್ತಿರುವಾಗ ನೀಲಿ ಪರದೆ ಬಂದು ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದು ತೋರಿಸಿ ಮತ್ತೆ ಶುರುವಾಗುತ್ತದೆ. ಇನ್ನು ಕೆಲವು ಸಲ ಯಾವ ಪರದೆಯೂ ಇಲ್ಲದೆ, ಯಾರೋ ಪ್ಲಗ್ ಕಿತ್ತಂತೆ ಫಕ್ಕನೆ ಆರಿಹೋಗಿ ತಾನಾಗಿಯೇ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡನೆಯದು ಹೆಚ್ಚಾಗಿ ಸಂಜೆಯ ಹೊತ್ತು. ವಿಂಡೋಸ್ ಅನ್ನು ಎರಡು ಸಲ ಹೊಸದಾಗಿ ಹಾಕಿದೆ, ಎಸ್‌ಎಸ್‌ಡಿಯನ್ನೂ ಬದಲಿಸಿದೆ, ಏನೂ ಉಪಯೋಗವಾಗಲಿಲ್ಲ. ಮನೆಯ ಹಿಂದೆ ಮಂಡಕ್ಕಿ ಭಟ್ಟಿಗಳಿರುವುದರಿಂದ ಕ್ಯಾಬಿನೆಟ್ಟಿನೊಳಗೆ ಎಣ್ಣೆಗಪ್ಪು ಬಣ್ಣದ ಮಸಿ ಕೂರುತ್ತದೆ. ಅದನ್ನೂ ಬ್ಲೋವರಿನಿಂದ ತೆಗೆದಿದ್ದೇನೆ. ಭಾರದ ಕೆಲಸ ಕೊಟ್ಟಾಗ ಪ್ರೊಸೆಸರ್ 74 ಡಿಗ್ರಿ ದಾಟುವುದಿಲ್ಲ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಬದಲಿಸಿ ಎನ್ನುತ್ತಿದ್ದಾರೆ. ಮದುವೆಯ ಹಂಗಾಮು ಬೇರೆ. ನಿನ್ನೆ ಒಂದು ಲಗ್ನಪತ್ರಿಕೆಯ ಫೈಲು ಕೆಟ್ಟು ತೆರೆಯಲೇ ಇಲ್ಲ. ಮದರ್‌ಬೋರ್ಡ್ ತರಿಸಬೇಕೇ?

ಉತ್ತರ, ಚಿತ್ರದುರ್ಗದಿಂದ

ಸರ್, ದಯವಿಟ್ಟು ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಬರೆದಿರುವುದನ್ನು ಓದಿದರೆ ಇದು ಒಂದೇ ಕಾಯಿಲೆಯ ಎರಡು ಲಕ್ಷಣವೆಂದು ನನಗೆ ಅನ್ನಿಸುವುದಿಲ್ಲ. ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಪೆಟ್ಟಿಗೆಯಲ್ಲಿ ಸೇರಿಕೊಂಡಿರುವ ಹಾಗಿದೆ. ನೀಲಿ ಪರದೆ ಬಂದಿದೆಯೆಂದರೆ ವಿಂಡೋಸ್‌ಗೆ ತಪ್ಪು ಗೊತ್ತಾಗಿ, ಅದನ್ನು ಬರೆದಿಟ್ಟು ನಿಲ್ಲುವಷ್ಟು ಸಮಯ ಸಿಕ್ಕಿದೆ ಎಂದರ್ಥ. ಫಕ್ಕನೆ ಆರಿದಾಗ ಆ ಸಮಯವೂ ಸಿಕ್ಕಿಲ್ಲ. ಇವೆರಡನ್ನೂ ಒಂದೇ ಲೆಕ್ಕಕ್ಕೆ ಹಾಕಿಕೊಂಡು ಹುಡುಕಿದರೆ ಒಂದನ್ನು ಸರಿಪಡಿಸಿದ ಮೇಲೂ ಇನ್ನೊಂದು ಉಳಿದಿರುತ್ತದೆ, ಮಾಡಿದ್ದೆಲ್ಲ ವ್ಯರ್ಥವಾಯಿತೆಂದು ಅನ್ನಿಸುತ್ತದೆ.

ಆದ್ದರಿಂದ ಮೊದಲು ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ‘ಈವೆಂಟ್ ವ್ಯೂವರ್’ ತೆರೆದು, ವಿಂಡೋಸ್ ಲಾಗ್ಸ್ ಕೆಳಗಿನ ‘ಸಿಸ್ಟಮ್’ ಪಟ್ಟಿಯಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದುಗಳನ್ನೆಲ್ಲ ಸೋಸಿ ತೆಗೆಯಿರಿ. ಈ 41 ಎಂಬುದು ಕಾರಣವಲ್ಲ. ಕಂಪ್ಯೂಟರ್ ಸರಿಯಾಗಿ ಮುಚ್ಚದೆ ನಿಂತಿತ್ತು ಎಂದು ಮರಳಿ ಶುರುವಾದ ಮೇಲೆ ಬರೆದ ಟಿಪ್ಪಣಿ ಅಷ್ಟೇ. ಅದರ ‘ಡೀಟೇಲ್ಸ್’ ಪುಟದಲ್ಲಿ ‘ಬಗ್‌ಚೆಕ್‌ಕೋಡ್’ ಎಂಬ ಸಾಲಿದೆ. ಅಲ್ಲಿ 26 ಎಂದಿದ್ದರೆ ಅದು ನಿಮ್ಮ ಮೆಮೊರಿ ಮ್ಯಾನೇಜ್‌ಮೆಂಟ್ ನೀಲಿ ಪರದೆಯೇ. ಆ ತಪ್ಪಿನ ಸಂಖ್ಯೆ ಹದಿನಾರರ ಎಣಿಕೆಯಲ್ಲಿ 1ಎ, ಅದನ್ನು ಇಲ್ಲಿ ಹತ್ತರ ಎಣಿಕೆಯಲ್ಲಿ ತೋರಿಸುತ್ತದೆ. ಸೊನ್ನೆ ಇದ್ದರೆ ವಿಂಡೋಸ್‌ಗೆ ಏನೂ ತಿಳಿಯದ ಹಾಗೆ ವಿದ್ಯುತ್ ಹೋಗಿದೆ, ಇಲ್ಲವೇ ಯಂತ್ರ ಪೂರ್ತಿ ಸ್ತಬ್ಧವಾಗಿದೆ. ತಾನಾಗಿಯೇ ಮತ್ತೆ ಹೊತ್ತಿಕೊಂಡಿತೆಂದು ನೀವು ಹೇಳಿರುವುದರಿಂದ ಮೊದಲನೆಯದೇ ಹೆಚ್ಚು ಸಂಭವ. ತಾರೀಕು, ಗಂಟೆ, ಈ ಸಂಖ್ಯೆ, ಆಗ ನಡೆಯುತ್ತಿದ್ದ ಕೆಲಸ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹಾಗೆಯೇ ‘ವೀಯಾ-ಲಾಗರ್ 18’ (WHEA-Logger, ಹಾರ್ಡ್‌ವೇರ್ ತಪ್ಪುಗಳ ದಾಖಲೆ) ಎಂಬ ನಮೂದು ಎಲ್ಲಾದರೂ ಇದೆಯೇ ನೋಡಿ. ಇದ್ದರೆ ಪ್ರೊಸೆಸರ್ ಕಡೆಯೂ ಅನುಮಾನ ಪಡಬೇಕಾಗುತ್ತದೆ.

ಆಮೇಲೆ ರ‍್ಯಾಮ್. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ 86 ಪ್ಲಸ್ ಎಂಬ ಸಾಫ್ಟ್‌ವೇರನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರುಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ತಪ್ಪು ಬಂದರೂ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ, ಒಳ್ಳೆಯ ರ‍್ಯಾಮ್‌ನಲ್ಲಿ ಸೊನ್ನೆ ಬರಬೇಕು. ತಪ್ಪು ಬಂದರೆ ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ಸ್ ಪುಟ) ಹೋಗಿ, ಮೆಮೊರಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೊಮ್ಮೆ ಓಡಿಸಿ. ಆಗಲೂ ಬಂದರೆ ಒಂದೊಂದೇ ಸ್ಟಿಕ್ಕನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿ, ನಂತರ ನಾಲ್ಕನೆಯದರಲ್ಲಿ. ತಪ್ಪು ಸ್ಟಿಕ್ಕಿನ ಜೊತೆ ಹೋದರೆ ಸ್ಟಿಕ್ ಕೆಟ್ಟಿದೆ; ಸ್ಲಾಟಿನಲ್ಲೇ ಉಳಿದರೆ ಮಾತ್ರ ಅಂಗಡಿಯವರ ಮಾತಿಗೆ ಬೆಲೆ ಬರುತ್ತದೆ.

ಇನ್ನೊಬ್ಬರ ಸೇರ್ಪಡೆ

ಫಕ್ಕನೆ ಆರುವುದಕ್ಕೆ ಎಸ್‌ಎಂಪಿಎಸ್ ಮೇಲೆ ಅನುಮಾನ ಬರುವುದು ಸಹಜ. ಹೊಸದನ್ನು ತರುವ ಮೊದಲು ಗೇಮ್‌ನಂಥ ಭಾರದ ಕೆಲಸ ಓಡುತ್ತಿರುವಾಗ ಖಾಲಿ ಇರುವ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. 11.4ರಿಂದ 12.6 ವೋಲ್ಟಿನ ಒಳಗಿರಬೇಕು. ಪರದೆಯ ಮೇಲೆ ವೋಲ್ಟೇಜ್ ತೋರಿಸುವ ಸಾಫ್ಟ್‌ವೇರ್‌ಗಳನ್ನು ಈ ವಿಷಯದಲ್ಲಿ ನಾನು ನಂಬುವುದಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಪ್ರಶ್ನೆ ಕೇಳಿದವರ ಮರುಬರಹ

ಇಬ್ಬರಿಗೂ ಧನ್ಯವಾದ. ಹಾಳೆಯಲ್ಲಿ ಬರೆದು ನೋಡಿದಾಗ ನನಗೇ ಆಶ್ಚರ್ಯವಾಯಿತು. 26 ಎಂಬ ನಮೂದುಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಹೊತ್ತುಗೊತ್ತಿಲ್ಲದೆ ಚದುರಿವೆ. ಸೊನ್ನೆಯವು ಬಹುತೇಕ ಸಂಜೆ ಆರರಿಂದ ಎಂಟರ ನಡುವೆ, ಅದೂ ಮಗ ಗೇಮ್ ಆಡುತ್ತಿದ್ದಾಗ. ವೀಯಾ ನಮೂದು ಒಂದೂ ಇಲ್ಲ.

ಮೆಮ್‌ಟೆಸ್ಟ್ ಮೊದಲ ಸುತ್ತಿನಲ್ಲೇ 37 ತಪ್ಪು ತೋರಿಸಿತು. ಎಕ್ಸ್‌ಎಂಪಿ ತೆಗೆದ ಮೇಲೆ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಸ್ಟಿಕ್‌ಗಳ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಭಟ್ಟಿಯ ಮಸಿ ತೆಳ್ಳಗೆ ಹತ್ತಿತ್ತು; ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಬಟ್ಟೆ ಕಪ್ಪಾಯಿತು. ಇದೇ ಕಾರಣವೆಂದು ಖುಷಿಪಟ್ಟೆ, ಆದರೆ ತಪ್ಪುಗಳು ಹಾಗೆಯೇ ಇದ್ದವು. ಕೊನೆಗೆ ಒಂದೊಂದೇ ಹಾಕಿದಾಗ ಒಂದು ಸ್ಟಿಕ್ ಎರಡೂ ಸ್ಲಾಟುಗಳಲ್ಲಿ ತಪ್ಪು ಕೊಟ್ಟಿತು, ಇನ್ನೊಂದು ಎಲ್ಲಿ ಹಾಕಿದರೂ ಸೊನ್ನೆ. ಈಗ ಆ ಒಂದರಲ್ಲೇ ಓಡಿಸುತ್ತಿದ್ದೇನೆ. ಆರು ದಿನಗಳಿಂದ ನೀಲಿ ಪರದೆ ಬಂದಿಲ್ಲ.

ಆದರೆ ಆರುವುದು ನಿಂತಿಲ್ಲ. ಗೇಮ್ ಓಡುವಾಗ ಅಳೆದರೆ 12.1 ವೋಲ್ಟ್ ಇದೆ. ನಿನ್ನೆ ಸಂಜೆ ಮಳೆಗಾಳಿ ಎದ್ದಿತ್ತು. ನಾನು ಪಕ್ಕದಲ್ಲೇ ಕುಳಿತು ನೋಡುತ್ತಿದ್ದೆ. ಫ್ಯಾನು ನಿಲ್ಲಲಿಲ್ಲ, ದೀಪ ಕದಲಲಿಲ್ಲ, ಜಗಲಿಯ ಇನ್ವರ್ಟರಿನೊಳಗೆ ಟಕ್ ಎಂಬ ಸದ್ದಾಯಿತು, ಅದೇ ಕ್ಷಣ ಕಂಪ್ಯೂಟರ್ ಆರಿತು.

ಉತ್ತರ, ಚಿತ್ರದುರ್ಗದಿಂದ

ಆ ಟಕ್ ಸದ್ದೇ ನಿಮ್ಮ ಎರಡನೆಯ ಕಾಯಿಲೆ. ಕರೆಂಟು ಕಣ್ಣು ಮಿಟುಕಿಸಿದಷ್ಟು ಹೊತ್ತು ಹೋದಾಗ ಇನ್ವರ್ಟರ್ ತನ್ನ ರಿಲೇಯನ್ನು (ಒಳಗಿನ ತಾನಾಗಿ ಹೊರಳುವ ಸ್ವಿಚ್ಚು) ಬ್ಯಾಟರಿಯ ಕಡೆಗೆ ಹೊರಳಿಸುತ್ತದೆ. ಹೊರಳುವ ಆ ಸಣ್ಣ ಸಂದಿನಲ್ಲಿ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ತುಂಬಿಟ್ಟುಕೊಂಡದ್ದರಿಂದಲೇ ಬದುಕಬೇಕು. ಪೂರ್ಣ ಭಾರದಲ್ಲಿ ಅದು ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡು. ಭಾರ ಕಡಿಮೆಯಿದ್ದಷ್ಟೂ ಹೆಚ್ಚು ಹೊತ್ತು ತಡೆಯುತ್ತದೆ. ನೀವು ಲಗ್ನಪತ್ರಿಕೆ ಮಾಡುವಾಗ ಉಳಿದುಕೊಳ್ಳುವ ಯಂತ್ರ ಮಗ ಗೇಮ್ ಆಡುವಾಗ ಸಾಯುವುದು ಇದಕ್ಕೇ. ಇನ್ವರ್ಟರಿನ ಹಿಂಭಾಗದಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೊ’ ಎಂಬ ಸಣ್ಣ ಸ್ವಿಚ್ ಇದೆಯೇ ನೋಡಿ. ಯುಪಿಎಸ್ ಸ್ಥಾನದಲ್ಲಿ ಹೊರಳುವಿಕೆ ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ಆಸುಪಾಸು, ಇನ್ನೊಂದರಲ್ಲಿ 40ರವರೆಗೂ ಹೋಗಬಹುದು.

ಮಾತನ್ನು ನಂಬುವ ಬದಲು ಪರೀಕ್ಷಿಸಿ ನೋಡಿ. ಫೈಲುಗಳನ್ನೆಲ್ಲ ಉಳಿಸಿ ಮುಚ್ಚಿದ ಮೇಲೆ ಮೇನ್ ಎಂಸಿಬಿಯನ್ನು ನೀವೇ ಇಳಿಸಿ ಏರಿಸಿ, ಸ್ವಿಚ್ಚಿನ ಎರಡೂ ಸ್ಥಾನಗಳಲ್ಲಿ ಎಷ್ಟು ಸಲ ಆರುತ್ತದೆ ಎಣಿಸಿ. ಇನ್ನೊಂದು ಮಾತು: ಕೆಟ್ಟ ರ‍್ಯಾಮ್ ಇದ್ದಾಗಲೇ ಹಾಕಿದ ವಿಂಡೋಸ್ ನಿಮ್ಮದು. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಕೆಟ್ಟಿರಬಹುದಾದ ಸಿಸ್ಟಮ್ ಫೈಲುಗಳನ್ನು ಹುಡುಕಿ ಸರಿಪಡಿಸುವ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ (sfc /scannow) ಒಮ್ಮೆ ಓಡಿಸಿ.

ಪ್ರಶ್ನೆ ಕೇಳಿದವರ ಕೊನೆಯ ಬರಹ

ಸ್ವಿಚ್ ‘ನಾರ್ಮಲ್’ ಕಡೆಗಿತ್ತು. ಹಿಂದಿನ ತಿಂಗಳು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಲು ಬಂದವರು ಇನ್ವರ್ಟರನ್ನು ಗೋಡೆಯಿಂದ ಸರಿಸಿದ್ದರು. ಆಗ ತಾಗಿರಬೇಕು, ಏಕೆಂದರೆ ಸೊನ್ನೆಯ ನಮೂದುಗಳು ಶುರುವಾಗುವುದು ಆ ವಾರದಿಂದಲೇ. ‘ನಾರ್ಮಲ್’ನಲ್ಲಿಟ್ಟು ಮೆಮ್‌ಟೆಸ್ಟ್ ಓಡಿಸುತ್ತಾ ಎಂಸಿಬಿ ಐದು ಸಲ ಇಳಿಸಿದೆ, ಒಮ್ಮೆಯೂ ಆರಲಿಲ್ಲ. ಗೇಮ್ ಹಾಕಿ ಇಳಿಸಿದಾಗ ಐದರಲ್ಲಿ ನಾಲ್ಕು ಸಲ ಆರಿತು. ‘ಯುಪಿಎಸ್’ಗೆ ತಂದ ಮೇಲೆ ಅದೇ ಗೇಮಿನಲ್ಲಿ ಹತ್ತು ಸಲ ಇಳಿಸಿದರೂ ಏನೂ ಆಗಲಿಲ್ಲ.

ರ‍್ಯಾಮ್‌ಗೆ ವಾರಂಟಿ ಇನ್ನೂ ಇತ್ತು. ಜೋಡಿಯಾಗಿ ಮಾರಿದ್ದರಿಂದ ಎರಡನ್ನೂ ಕಳಿಸಬೇಕಾಯಿತು. ಆ ಎರಡು ವಾರ ಪಕ್ಕದ ಮನೆಯವರ ಹಳೆಯ 4 ಜಿಬಿ ಸ್ಟಿಕ್ಕಿನಲ್ಲಿ ಆಮೆಯಂತೆ ಕೆಲಸ ಮಾಡಿದೆ. ಹೊಸ ಜೋಡಿ ಬಂದ ಮೇಲೆ ಎಕ್ಸ್‌ಎಂಪಿ ಹಾಕಿ ನಾಲ್ಕು ಸುತ್ತು ಓಡಿಸಿದೆ, ತಪ್ಪು ಸೊನ್ನೆ. ಸ್ಕ್ಯಾನ್ ಮಾಡಿದಾಗ ಕೆಲವು ಸಿಸ್ಟಮ್ ಫೈಲುಗಳು ಕೆಟ್ಟಿದ್ದು ಕಂಡು ಅದೇ ಸರಿಪಡಿಸಿತು. ಇಪ್ಪತ್ತು ದಿನಗಳಿಂದ ಪಟ್ಟಿಯಲ್ಲಿ 41 ಎಂಬುದು ಇಲ್ಲ. ಸುಮ್ಮನೆ ಕೊಂಡ ಎಸ್‌ಎಸ್‌ಡಿಯನ್ನು ಬ್ಯಾಕಪ್‌ಗೆ ಇಟ್ಟುಕೊಂಡಿದ್ದೇನೆ.

ಒಂದು ಸಣ್ಣ ಅನುಮಾನ ಉಳಿದಿದೆ. ಯುಪಿಎಸ್ ಸ್ಥಾನದಲ್ಲಿಟ್ಟರೆ ವೋಲ್ಟೇಜ್ ಇಳಿದಾಗಲೆಲ್ಲ ಬ್ಯಾಟರಿಗೆ ಹೋಗಿ ಅದು ಬೇಗ ಸವೆಯುತ್ತದೆಯೇ?

ಉತ್ತರ, ಚಿತ್ರದುರ್ಗದಿಂದ

ಹೌದು, ಆ ಸ್ಥಾನದಲ್ಲಿ ಸುಮಾರು 180 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಗೆ ಹೊರಳುತ್ತದೆ. ಸಂಜೆ ಏಳರ ಹೊತ್ತಿಗೆ, ನೀರಿನ ಮೋಟರ್ ಓಡುತ್ತಿರುವಾಗ ಮಲ್ಟಿಮೀಟರನ್ನು 750 ವೋಲ್ಟ್ ಎಸಿಗೆ ತಿರುಗಿಸಿ ಸಾಕೆಟ್ಟಿನಲ್ಲಿ ಅಳೆಯಿರಿ. 200ರ ಮೇಲಿದ್ದರೆ ಯೋಚಿಸಬೇಡಿ.

ಪ್ರಶ್ನೆ ಕೇಳಿದವರು

ಈಗಷ್ಟೇ ಅಳೆದೆ, 208 ಇದೆ.