ಅಪ್‌ಡೇಟ್: ಪುಟ್ಟಿಗೆ ಮತ್ತೆ ಇನ್ಸುಲಿನ್ ಶುರುವಾಯ್ತು

ಚಳ್ಳಕೆರೆ ಹತ್ರ ಇರೋ ನಮ್ಮಕ್ಕ-ಭಾವ, ಮಗಳು ಪುಟ್ಟಿಗೆ ಟೈಪ್ 1 ಶುಗರ್ (ದೇಹದಲ್ಲಿ ಇನ್ಸುಲಿನ್ ತಯಾರಾಗದ ಕಾಯಿಲೆ) ಇದ್ರೂ ಇನ್ಸುಲಿನ್ ಬಿಡ್ಸಿ ನಾಟಿ ಔಷಧಿ ಕೊಡ್ತಿದಾರೆ, ಏನ್ ಮಾಡ್ಲಿ ಅಂತ ಇಲ್ಲಿ ಕೇಳಿದ್ನಲ್ಲ, ಆ ವಿಷ್ಯ. ಜಗಳ ಆಡಿದ್ದು, ವಿಡಿಯೋ ಕಳ್ಸಿದ್ದು ಉಪಯೋಗ ಆಗ್ಲಿಲ್ಲ, ಭಾವ ಫೋನೇ ಎತ್ತಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡೋಣ ಅಂತಿದ್ದೆ, ಅಷ್ಟ್ರಲ್ಲಿ ಮಗು ವಾಂತಿ ಮಾಡ್ಕೊಂಡು ಏದುಸಿರು ಬಿಡ್ತಿದೆ ಅಂತ ಅಕ್ಕ ಅತ್ಕೊಂಡು ಫೋನ್ ಮಾಡಿದ್ಲು, ಉಸಿರೆಲ್ಲ ಹಣ್ಣಿನ ಥರ ವಾಸನೆ, ಇನ್ಸುಲಿನ್ ಬಿಟ್ಟಿದ್ದಕ್ಕೇ ಹೀಗಾಗಿತ್ತು, ದಾವಣಗೆರೇಲಿ ಮೂರು ದಿನ ಐಸಿಯು.

ಕೆಲ್ಸ ಮಾಡಿದ್ದು 'ಅದೇ ಕಾಯಿಲೆ ಇರೋ ಮಗುವಿನ ತಾಯಿ ಹತ್ರ ಮಾತಾಡ್ಸಿ' ಅಂತ ಇಲ್ಲಿ ಸಿಕ್ಕ ಸಲಹೆ. ವಾರ್ಡಲ್ಲೇ ಒಬ್ರು ಸಿಕ್ಕಿದ್ರು, ಫ್ರಿಜ್ ಇಲ್ದಿದ್ರೆ ಇನ್ಸುಲಿನ್ನ ಒದ್ದೆ ಮಾಡಿದ ಮಣ್ಣಿನ ಕುಡಿಕೆಲಿ ಇಡಿ ಅಂದ್ರು. ಕರೆಂಟ್ ಹೋಗಿ ಇನ್ಸುಲಿನ್ ಕೆಟ್ಟು ಮಗೂಗೆ ವಿಷ ಆಗುತ್ತೆ ಅಂತ ಭಾವಂಗೆ ಭಯ ಇತ್ತಂತೆ, ಪಾಪ, ನಾವ್ಯಾರೂ ಕೇಳೇ ಇರ್ಲಿಲ್ಲ. ನಿನ್ನೆ ಭಾವನೇ ಇನ್ಸುಲಿನ್ ಸೂಜಿ ಚುಚ್ಚಿದ್ರು, ಪುಟ್ಟಿ ಹೊಟ್ಟೆ ಚರ್ಮ ತಾನೇ ಹಿಡ್ಕೊಂಡು ಕೂತಿದ್ಲು.