ಕೈಗೆ ಕಟ್ಟಿದ ಪುಟ್ಟ ಫೋನ್: ಪರದೆ ಅಡ್ಡ, ವಾಟ್ಸಾಪ್ ತಡ, ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಕಡೆ ಅಡಿಕೆ ತೋಟ. ಮೋಟಾರ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇನೆ. ತ್ರೀಫೇಸ್ ಕರೆಂಟ್ ಬಂದ ಕೂಡಲೇ ಎಸ್ಸೆಮ್ಮೆಸ್ ಬರುತ್ತದೆ, ನಾನು ಕಾಲ್ ಮಾಡಿದರೆ ಮೋಟಾರ್ ಶುರು. ಹಾಗಾಗಿ ಫೋನ್ ಮೈಮೇಲೆ ಇರಲೇಬೇಕು. ಆದರೆ ಬಗ್ಗಿ ಎದ್ದು ಮಾಡುವ ಕೆಲಸ, ಜೇಬಿನಲ್ಲಿ ನಿಲ್ಲುವುದಿಲ್ಲ. ಬ್ಲೂಟೂತ್ ವಾಚ್ ಕಟ್ಟಿಕೊಂಡರೆ ದೊಡ್ಡ ಫೋನ್ ಹೇಗೂ ಹತ್ತಿರದಲ್ಲೇ ಇರಬೇಕು, ಪ್ರಯೋಜನ ಇಲ್ಲ.

ಅದಕ್ಕೇ 3 ಇಂಚು ಪರದೆಯ ಪುಟ್ಟ ಆಂಡ್ರಾಯ್ಡ್ ಫೋನ್ ತಗೊಂಡು ಬೇರೆ ಸಿಮ್ ಹಾಕಿದ್ದೇನೆ. ಹಿಂದೆ ಕಬ್ಬಿಣದ ತಗಡು ಅಂಟಿಸಿ, ಮ್ಯಾಗ್ನೆಟ್ ಇರುವ ಪಟ್ಟಿಯಲ್ಲಿ ಎಡಗೈ ಮಣಿಕಟ್ಟಿಗೆ ಕಟ್ಟುತ್ತೇನೆ. ಈಗ ತೊಂದರೆಗಳು: ಕೈ ಎತ್ತಿ ನೋಡಿದರೆ ಅಕ್ಷರ ಎಲ್ಲ ಅಡ್ಡಡ್ಡ. ವಾಟ್ಸಾಪ್ ಮೆಸೇಜ್ ಸರಿಯಾದ ಹೊತ್ತಿಗೆ ಬರುವುದಿಲ್ಲ, ಪರದೆ ಆನ್ ಮಾಡಿದ ಮೇಲೆ ಒಟ್ಟಿಗೇ ಬಂದು ಬೀಳುತ್ತವೆ. ಬೆಳಿಗ್ಗೆ ಫುಲ್ ಚಾರ್ಜ್ ಮಾಡಿದ್ದು ಊಟದ ಹೊತ್ತಿಗೆ ಕೆಂಪಾಗಿರುತ್ತದೆ. ಕೈ ಬಗ್ಗಿಸಿದರೆ ಫೋನಿನ ಅಂಚು ಮುಂಗೈಗೆ ಒತ್ತುತ್ತದೆ. ಇದನ್ನು ಸರಿ ಮಾಡಬಹುದಾ?

ಬೆಸುಗೆಕಡ್ಡಿ:
ಮಾಡಬಹುದು. ನಾನೂ ಇಂಥದ್ದೇ ಫೋನ್ ಕಟ್ಟಿಕೊಂಡು ಕೆಲಸ ಮಾಡುವವನು. ಮೊದಲು ಎರಡು ಪ್ರಶ್ನೆ. ಸ್ಟಾರ್ಟರ್‌ನ ಎಸ್ಸೆಮ್ಮೆಸ್ ಕೂಡ ತಡವಾಗುತ್ತದಾ, ಅಥವಾ ವಾಟ್ಸಾಪ್ ಮಾತ್ರವಾ? ವಾಟ್ಸಾಪ್ ಆ ಹೊಸ ನಂಬರಿನದಾ, ಹಳೆಯದನ್ನೇ ಲಿಂಕ್ ಮಾಡಿದ್ದಾ?

ತೋಟದಮನೆ:
ಎಸ್ಸೆಮ್ಮೆಸ್ ಕರೆಕ್ಟಾಗಿ ಬರುತ್ತದೆ. ವಾಟ್ಸಾಪ್ ಮಾತ್ರ ತಡ. ಹಳೇ ನಂಬರನ್ನೇ ಲಿಂಕ್ ಮಾಡಿದ್ದು.

ಬೆಸುಗೆಕಡ್ಡಿ:
ಹಾಗಾದರೆ ನೆಟ್‌ವರ್ಕ್ ಪೂರ್ತಿ ಹೋಗಿಲ್ಲ. ಎಸ್ಸೆಮ್ಮೆಸ್‌ಗೆ ಡೇಟಾ ಬೇಡ. ಅದು ಬಂದು ವಾಟ್ಸಾಪ್ ಬರಲಿಲ್ಲ ಅಂದರೆ ತೊಂದರೆ ಡೇಟಾದಲ್ಲಿದೆ, ಇಲ್ಲವೇ ಫೋನ್ ಆ್ಯಪನ್ನು ಮಲಗಿಸುತ್ತಿದೆ. ಯಾವುದು ಅಂತ ಮನೆಯಲ್ಲೇ ನೋಡಿಬಿಡಿ. ಫೋನನ್ನು ವೈಫೈಗೆ ಹಾಕಿ, ಪರದೆ ಆರಿಸಿ, ಅರ್ಧ ಗಂಟೆ ಸುಮ್ನೆ ಬಿಡಿ. ಆಮೇಲೆ ಮನೆಯವರ ಫೋನಿಂದ ಒಂದು ಮೆಸೇಜ್ ಕಳಿಸಿ. ತಕ್ಷಣ ಬಂದರೆ ತೋಟದ ಸಿಗ್ನಲ್ ಸರಿ ಇಲ್ಲ. ವೈಫೈಯಲ್ಲೂ ತಡವಾದರೆ ಬ್ಯಾಟರಿ ಸೆಟ್ಟಿಂಗ್ ಹಿಡಿದಿದೆ.

ಇದರ ಹಿಂದೆ ಇರುವುದು ಡೋಜ್, ಅಂದರೆ ಚಾರ್ಜ್ ಉಳಿಸಲು ಆ್ಯಪ್‌ಗಳನ್ನು ಮಲಗಿಸುವ ವ್ಯವಸ್ಥೆ. ಆಂಡ್ರಾಯ್ಡ್ 6ರಲ್ಲಿ, ಅಂದರೆ 2015ರಲ್ಲಿ ಬಂತು. ಆಗ ಅದು ಫೋನ್ ಅಲ್ಲಾಡದೆ ಮೇಜಿನ ಮೇಲೆ ಬಿದ್ದಿದ್ದರೆ ಮಾತ್ರ ಶುರುವಾಗುತ್ತಿತ್ತು. ಆಂಡ್ರಾಯ್ಡ್ 7ರಿಂದ ಪರದೆ ಆರಿದ್ದರೆ ಸಾಕು, ಫೋನ್ ಅಲ್ಲಾಡುತ್ತಿದ್ದರೂ ಹಗುರವಾದ ಡೋಜ್ ಶುರುವಾಗುತ್ತದೆ. ಕೈಯಲ್ಲಿ ಕಟ್ಟಿದ ಫೋನಿಗೆ ತಾಗುವುದು ಈ ಎರಡನೆಯದು. ಸಾಮಾನ್ಯವಾಗಿ ವಾಟ್ಸಾಪ್ ಮೆಸೇಜ್ ಡೋಜ್ ದಾಟಿ ಬರುತ್ತದೆ. ಆದರೆ ಬ್ಯಾಟರಿ ಚಿಕ್ಕದು ಅಂತ ಕೆಲವು ಫೋನ್‌ಗಳಲ್ಲಿ ಇದರ ಮೇಲೆ ಇನ್ನೊಂದು ಉಳಿತಾಯದ ಸೆಟ್ಟಿಂಗ್ ಹಾಕಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ವಾಟ್ಸಾಪ್, ಬ್ಯಾಟರಿ ಅಂತ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಬ್ಯಾಟರಿ ಸೇವರ್ ಆನ್ ಇದ್ದರೆ ಆಫ್ ಮಾಡಿ. ಎಲ್ಲ ಆ್ಯಪ್‌ಗೂ ಹೀಗೆ ಮಾಡಬೇಡಿ, ನಿಮಗೆ ನಿಜವಾಗಿ ಬೇಕಾದ ಒಂದೆರಡಕ್ಕೆ ಮಾತ್ರ.

ಲಿಂಕ್ ಮಾಡಿದ್ದು ಒಳ್ಳೆಯದೇ. 2023ರಿಂದ ಇನ್ನೊಂದು ಫೋನನ್ನೂ ಹೀಗೆ ಸೇರಿಸಬಹುದು. ದೊಡ್ಡ ಫೋನಿನಲ್ಲಿ 14 ದಿನಕ್ಕೊಮ್ಮೆಯಾದರೂ ವಾಟ್ಸಾಪ್ ತೆರೆಯುತ್ತಿರಿ, ಇಲ್ಲದಿದ್ದರೆ ಲಿಂಕ್ ಕಳಚಿಹೋಗುತ್ತದೆ.

ಈಗ ಅಡ್ಡ ಪರದೆ. ಫೋನಿನ ಉದ್ದ ತೋಳಿನ ಉದ್ದಕ್ಕೆ ಕೂರುತ್ತದೆ, ನೋಡುವಾಗ ತೋಳು ಎದೆಯ ಮುಂದೆ ಅಡ್ಡ ಬರುತ್ತದೆ. ಆದ್ದರಿಂದ ಈ ಫೋನ್ ಯಾವಾಗಲೂ ಲ್ಯಾಂಡ್‌ಸ್ಕೇಪ್‌ನಲ್ಲೇ, ಅಂದರೆ ಅಕ್ಷರ ಪರದೆಯ ಉದ್ದಕ್ಕೆ ಸಾಲಾಗಿ ಬರುವ ಹಾಗೇ ಇರಬೇಕು. ಆಟೋ ರೊಟೇಟ್ ಮೇಲೆ ಬಿಟ್ಟರೆ ಕೈ ತಿರುಗಿದಂತೆಲ್ಲ ಪರದೆಯೂ ತಿರುಗಿ ತಲೆ ಕೆಡುತ್ತದೆ. ಹೋಮ್ ಸ್ಕ್ರೀನಿನ ಖಾಲಿ ಜಾಗ ಒತ್ತಿ ಹಿಡಿದು, ಹೋಮ್ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ತಿರುಗಲು ಅನುಮತಿ ಕೊಡಿ. ಅದಿಲ್ಲದೆ ಹೋಮ್ ಸ್ಕ್ರೀನ್ ಉದ್ದಕ್ಕೇ ನಿಂತಿರುತ್ತದೆ. ಆಮೇಲೆ ರೊಟೇಶನ್ ಲಾಕ್ ಮಾಡುವ ಆ್ಯಪ್ ಒಂದನ್ನು ಹಾಕಿ ಲ್ಯಾಂಡ್‌ಸ್ಕೇಪ್‌ಗೆ ಕಟ್ಟಿಹಾಕಿ. ಅದು ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ ಕೇಳುತ್ತದೆ, ಕೊಡಿ. ಎರಡು ಲ್ಯಾಂಡ್‌ಸ್ಕೇಪ್ ಇರುತ್ತವೆ. ಚಾರ್ಜಿಂಗ್ ತೂತು ಬೆರಳಿನ ಕಡೆ ಬರುವಂಥದ್ದನ್ನು ಆರಿಸಿಕೊಳ್ಳಿ. ಮೈಕ್ ಸಾಮಾನ್ಯವಾಗಿ ಆ ತುದಿಯಲ್ಲೇ ಇರುತ್ತದೆ, ಕೈ ಬಾಯಿಯ ಹತ್ತಿರ ತಂದು ಮಾತಾಡಲು ಅನುಕೂಲ. ಕೈ ಇಳಿಬಿಟ್ಟಾಗ ತೂತು ಕೆಳಮುಖವಾಗಿರುತ್ತದೆ, ತೋಳಿನಿಂದ ಇಳಿದ ನೀರು ನೇರ ಒಳಗೆ ಹೋಗುವುದಿಲ್ಲ.

ಮೆಸೇಜ್ ಬರೆಯಲು ಹೊರಟರೆ ಅಡ್ಡ ಪರದೆಯಲ್ಲಿ ಕೀಬೋರ್ಡೇ ಎಲ್ಲ ಜಾಗ ತಿನ್ನುತ್ತದೆ. ಗೂಗಲ್‌ನ ಜಿಬೋರ್ಡ್ ಕೀಬೋರ್ಡ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ, ಮೈಕ್ ಒತ್ತಿ ಹೇಳಿಬಿಡಿ. ಅಕ್ಷರ ಚಿಕ್ಕದಾಗಿ ಒತ್ತಕ್ಷರ ಕಾಣದಿದ್ದರೆ ಡಿಸ್‌ಪ್ಲೇ ಸೈಜ್ ಹಾಗೇ ಬಿಟ್ಟು ಫಾಂಟ್ ಸೈಜ್ ಮಾತ್ರ ಏರಿಸಿ.

ಅಂಚು ಒತ್ತುವುದಕ್ಕೆ ಕಾರಣ ಕಟ್ಟಿದ ಜಾಗ. ಜೆಲ್ಲಿ ಸ್ಟಾರ್ ತರದ ಫೋನ್ 95 ಮಿಲಿಮೀಟರ್ ಉದ್ದ, 116 ಗ್ರಾಂ ತೂಕ. ಅಷ್ಟು ಉದ್ದದ್ದು ಮಣಿಕಟ್ಟಿನ ಕೀಲಿನ ಮೇಲೆ ಕೂತರೆ ಕೈ ಬಗ್ಗಿಸಲು ಬಿಡುವುದೇ ಇಲ್ಲ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳಿನಷ್ಟು ಮೇಲೆ, ಮೊಣಕೈ ಕಡೆಗೆ ಸರಿಸಿ. ಒಂದರ ಬದಲು ಎರಡು ಪಟ್ಟಿ ಕಟ್ಟಿ, ಇಲ್ಲದಿದ್ದರೆ ತೂಕಕ್ಕೆ ತಿರುಗಿ ಕೆಳಗೆ ಜಾರುತ್ತದೆ. ಅಡಿಯಲ್ಲಿ ಹತ್ತಿಯ ಕೈಪಟ್ಟಿ ಇದ್ದರೆ ಬೆವರಿಗೆ ತುರಿಕೆ ಬರುವುದಿಲ್ಲ.

ಪೇಟೆಸವಾರ:
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಪಟ್ಟಿ ಪಕ್ಕದ ಪವರ್ ಬಟನ್ ಮೇಲೆ ಕೂರದ ಹಾಗೆ ನೋಡಿಕೊಳ್ಳಿ. ಆಂಡ್ರಾಯ್ಡ್ 12ರಿಂದ ಈಚಿನ ಫೋನ್‌ಗಳಲ್ಲಿ ಎಮರ್ಜೆನ್ಸಿ ಎಸ್‌ಒಎಸ್ ಇದೆ. ಪವರ್ ಬಟನ್ ಬೇಗ ಬೇಗ ಐದು ಸಲ ಒತ್ತಿದರೆ ತುರ್ತು ನಂಬರ್ 112ಕ್ಕೆ ಕಾಲ್ ಹೋಗಬಹುದು. ಕೆಲಸದ ಗಡಿಬಿಡಿಯಲ್ಲಿ ಗೊತ್ತೇ ಆಗುವುದಿಲ್ಲ. ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ ಒಳಗೆ ಅದರ ಸೆಟ್ಟಿಂಗ್ ಇದೆ. ಆಫ್ ಮಾಡುವುದಕ್ಕಿಂತ ಬಟನ್ ಬಿಡಿಸಿ ಕಟ್ಟುವುದು ಒಳ್ಳೆಯದು. ತೋಟದಲ್ಲಿ ಒಬ್ಬರೇ ಇರುವಾಗ ಅದು ಬೇಕಾಗಬಹುದು.

ಇನ್ನೊಂದು, ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಬೇಕಾದರೆ ಹಿಂದಿನ ಕ್ಯಾಮೆರಾ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಬಿಚ್ಚಲೇಬೇಕು. ಯುಪಿಐ ಆ ಫೋನಿನಲ್ಲಿರುವ ಸಿಮ್‌ಗೆ ಕಟ್ಟಿರುತ್ತದೆ ಅನ್ನುವುದೂ ನೆನಪಿರಲಿ. ಬ್ಯಾಂಕಿಗೆ ಕೊಟ್ಟ ನಂಬರ್ ದೊಡ್ಡ ಫೋನಿನಲ್ಲಿದ್ದರೆ ಇದರಲ್ಲಿ ಪೇಮೆಂಟ್ ನಡೆಯುವುದಿಲ್ಲ.

ತೋಟದಮನೆ:
ತುಂಬಾ ಉಪಕಾರ. ವೈಫೈಯಲ್ಲೂ ತಡವೇ ಆಯಿತು. ಅನ್‌ರಿಸ್ಟ್ರಿಕ್ಟೆಡ್ ಮಾಡಿದ ಮೇಲೆ ಪರದೆ ಆರಿದ್ದರೂ ಟಣ್ ಅಂತ ಬರುತ್ತಿದೆ. ಪರದೆಯೂ ನೆಟ್ಟಗಾಯಿತು, ಮೇಲೆ ಸರಿಸಿ ಕಟ್ಟಿದ್ದಕ್ಕೆ ಒತ್ತುವುದೂ ನಿಂತಿತು. ಚಾರ್ಜ್ ಮಾತ್ರ ಹಾಗೇ ಇದೆ. ಬ್ಯಾಟರಿ ಪುಟದಲ್ಲಿ ಮೊಬೈಲ್ ನೆಟ್‌ವರ್ಕ್ ಎಲ್ಲಕ್ಕಿಂತ ಮೇಲಿದೆ, ಪರದೆ ಎಲ್ಲೋ ಕೆಳಗೆ.

ಬೆಸುಗೆಕಡ್ಡಿ:
ಬ್ಯಾಟರಿ ಪುಟದ ಆ ಲೆಕ್ಕವೇ ಕಾರಣ ಹೇಳುತ್ತಿದೆ. ಸಿಗ್ನಲ್ ಕಡಿಮೆ ಇದ್ದರೆ ಫೋನ್ ಟವರ್‌ಗೆ ಕೂಗುವ ದನಿ ಏರಿಸುತ್ತದೆ, ಚಾರ್ಜ್ ಎಲ್ಲ ಅಲ್ಲಿಗೇ ಹೋಗುತ್ತದೆ. ನನಗೆ ಅನುಮಾನ ಇರುವುದು ನೀವು ಅಂಟಿಸಿದ ತಗಡಿನ ಮೇಲೆ. ಇಷ್ಟು ಚಿಕ್ಕ ಫೋನಿನಲ್ಲಿ ಆಂಟೆನಾಗೆ ಇರುವ ಜಾಗವೇ ಸ್ವಲ್ಪ. ಅದರ ಮೇಲೆ ಕಬ್ಬಿಣ, ಅದರ ಹಿಂದೆ ಕೈಯ ಮಾಂಸ. ಎರಡೂ ಸಿಗ್ನಲ್‌ಗೆ ಅಡ್ಡಿ. ಮ್ಯಾಗ್ನೆಟ್‌ನಿಂದ ದಿಕ್ಸೂಚಿ ಕೂಡ ತಪ್ಪು ತೋರಿಸುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಇದೆ. ಅಲ್ಲಿ ಸಿಗ್ನಲ್ ಬಲ ಮೈನಸ್ ಅಂಕಿಯಲ್ಲಿ ಕಾಣುತ್ತದೆ, ಡಿಬಿಎಂ ಎನ್ನುವ ಅಳತೆಯಲ್ಲಿ. ಮೈನಸ್ ಪಕ್ಕದ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ. 4ಜಿಯಲ್ಲಿ ಮೈನಸ್ 85 ಇದ್ದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ಕಷ್ಟ. ತೋಟದಲ್ಲಿ ಒಂದೇ ಜಾಗದಲ್ಲಿ ನಿಂತು ತಗಡು ಇದ್ದಾಗ, ತೆಗೆದಾಗ ನೋಡಿ. ಕಟ್ಟಿಕೊಂಡೊಮ್ಮೆ, ಕೈಯಲ್ಲಿ ಹಿಡಿದೊಮ್ಮೆ ನೋಡಿ.

ತೋಟದಮನೆ:
ನೋಡಿದೆ. ಬಾವಿ ಹತ್ತಿರ ತಗಡು ಸಮೇತ ಕಟ್ಟಿಕೊಂಡರೆ ಮೈನಸ್ 117. ತಗಡು ಕಿತ್ತು, ಅಡಿಯಲ್ಲಿ ಸ್ಪಂಜು ಇಟ್ಟು ಕಟ್ಟಿದರೆ ಮೈನಸ್ 108ರ ಆಸುಪಾಸು.

ಬೆಸುಗೆಕಡ್ಡಿ:
ಈ ಒಂಬತ್ತು ಡಿಬಿ ಅಂದರೆ ಸಿಗ್ನಲ್ ಬಲದಲ್ಲಿ ಸುಮಾರು ಎಂಟು ಪಟ್ಟು ವ್ಯತ್ಯಾಸ, ಸಣ್ಣದಲ್ಲ. ತಗಡು ಮತ್ತೆ ಹಾಕಲೇಬೇಡಿ. ಸಿಲಿಕಾನ್ ಕವರಿನ ಬೆನ್ನಿಗೆ ದಪ್ಪ ವೆಲ್ಕ್ರೋ ಹೊಲಿಸಿ, ನಡುವೆ ಐದು ಮಿಲಿಮೀಟರ್ ಸ್ಪಂಜು ಇರಲಿ. ಕ್ಯೂಆರ್‌ಗೆ ಕಿತ್ತು ತೆಗೆಯಲೂ ಸುಲಭ.

ವಾಟ್ಸಾಪ್ ಬೇಡದ ಹೊತ್ತಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ. ವೋಲ್ಟಿ ಕಾಲ್‌ಗೆ (4ಜಿ ಮೂಲಕ ಹೋಗುವ ಮಾಮೂಲಿ ಕಾಲ್), ಎಸ್ಸೆಮ್ಮೆಸ್‌ಗೆ ಡೇಟಾ ಸ್ವಿಚ್ ಆನ್ ಇರಬೇಕಾಗಿಲ್ಲ. ನಿಮ್ಮ ಸ್ಟಾರ್ಟರ್ ಕೆಲಸಕ್ಕೆ ಅಷ್ಟು ಸಾಕು. ಚಾರ್ಜ್ ಮಾಡುವಾಗ ಮಾತ್ರ ಕೈಯಿಂದ ಬಿಚ್ಚಿಯೇ ಮಾಡಿ, ಪವರ್ ಬ್ಯಾಂಕ್ ಸಿಕ್ಕಿಸಿಕೊಂಡು ಓಡಾಡಬೇಡಿ. ಬಿಸಿ ಏರುವುದು ಆಗಲೇ. ಬೆನ್ನು ಉಬ್ಬಿದ ಹಾಗೆ ಕಂಡರೆ ಆ ಫೋನ್ ಮತ್ತೆ ಕಟ್ಟಬೇಡಿ.

ಮಳೆಗಾಲಕ್ಕೆ ಏನು ಮಾಡುತ್ತೀರಿ? ಫೋನಿಗೆ ಐಪಿ68, ಅಂದರೆ ನೀರು ಧೂಳು ತಡೆಯುವ ರೇಟಿಂಗ್ ಇದೆಯಾ? 2018ರಲ್ಲಿ ಬಂದ ಆಟಮ್, ಪಾಮ್ ಎನ್ನುವ ಎರಡೂ ಪುಟ್ಟ ಫೋನ್‌ಗಳಿಗೆ ಅದಿತ್ತು. ಪಾಮ್ ಬರೀ 62.5 ಗ್ರಾಂ, ಆದರೆ ಬ್ಯಾಟರಿ 800 ಎಂಎಎಚ್ ಅಷ್ಟೇ, ನಿಮ್ಮ ತೋಟದ ಸಿಗ್ನಲ್‌ಗೆ ಅದು ತಡೆಯುವುದಿಲ್ಲ.

ತೋಟದಮನೆ:
ಐಪಿ ಇಲ್ಲ. ಕವರ್ ಹೊಲಿಸುವಾಗಲೇ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಕೇಳುತ್ತೇನೆ, ಜೂನ್‌ಗೆ ಮೊದಲು ಆಗಬೇಕು. ನಿನ್ನೆ ತಗಡಿಲ್ಲದೆ ಕಟ್ಟಿದ್ದೆ. ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ನೋಡಿದಾಗ ಇನ್ನೂ 31 ಪರ್ಸೆಂಟ್ ಇತ್ತು.